ಗಂಡ ನಿವೇಶನ ಮಾರಲು ಹೊರಟಿದ್ದಾರೆ. ವಿಚ್ಛೇದನ ತೀರ್ಮಾನವಾಗುವವರೆಗೆ ತಡೆಯುವ ದಾರಿ ಇದೆಯೇ?

ಪ್ರಶ್ನೆ: ಹೊಸ್ತಿಲು

ನಮಸ್ಕಾರ. ನಾನಿರುವುದು ಮೈಸೂರಿನಲ್ಲಿ, ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಮದುವೆಯಾಗಿ ಹನ್ನೆರಡು ವರ್ಷ, ಒಂಬತ್ತು ವರ್ಷದ ಮಗಳಿದ್ದಾಳೆ. ಕಳೆದ ಏಪ್ರಿಲ್‌ನಿಂದ ನಾನೂ ಗಂಡನೂ ಬೇರೆಯಾಗಿದ್ದೇವೆ. ನಾನು ಮಗಳೊಂದಿಗೆ ಫ್ಲ್ಯಾಟಿನಲ್ಲಿ, ಅವರು ತಾಯಿಯ ಮನೆಯಲ್ಲಿ. ಏಕೆ ಬೇರೆಯಾದೆವು ಎಂಬುದು ಇಲ್ಲಿ ಬೇಡ. ಅದರ ವಿಚಾರಣೆಯನ್ನು ಎರಡೂ ಕಡೆಯ ನೆಂಟರು ನಾಲ್ಕು ಮದುವೆ, ಒಂದು ಗೃಹಪ್ರವೇಶಗಳಲ್ಲಿ ನಡೆಸಿ ಮುಗಿಸಿದ್ದಾರೆ.

ಲೆಕ್ಕದವಳಾದ್ದರಿಂದ ಲೆಕ್ಕವನ್ನೇ ಹೇಳುತ್ತೇನೆ. ಫ್ಲ್ಯಾಟು ಇಬ್ಬರ ಹೆಸರಿನಲ್ಲಿದೆ, ಸಾಲ ಇನ್ನೂ ನಡೆಯುತ್ತಿದೆ. ಬೋಗಾದಿ ಕಡೆಯ ಬಡಾವಣೆಯಲ್ಲಿ ಮೂವತ್ತು–ನಲವತ್ತರ ನಿವೇಶನವೊಂದಿದೆ. 2016ರಲ್ಲಿ 22 ಲಕ್ಷಕ್ಕೆ ಕೊಂಡದ್ದು, ಕ್ರಯಪತ್ರ ಅವರೊಬ್ಬರ ಹೆಸರಿನಲ್ಲಿ. ಆ 22ರಲ್ಲಿ 13 ಲಕ್ಷ ನನ್ನ ಖಾತೆಯಿಂದ ಚೆಕ್ ಮೂಲಕ ನೇರವಾಗಿ ಮಾರಿದವರಿಗೆ ಹೋಗಿದೆ: ಅಪ್ಪ ನಿವೃತ್ತರಾದಾಗ ಕೊಟ್ಟ 8, ನನ್ನ ಉಳಿತಾಯದ 5. ಆಗ ‘ನನ್ನ ಹೆಸರನ್ನೂ ಸೇರಿಸಿ’ ಎನ್ನಲು ನಾಲಿಗೆ ಬರಲಿಲ್ಲ. ಹಾಗೆ ಕೇಳಿದರೆ ಅಪನಂಬಿಕೆ ತೋರಿದಂತೆ ಎಂದು ಅಪ್ಪನೇ ಅಂದಿದ್ದರು. ಮೂರನೆಯದು ಜಂಟಿ ಉಳಿತಾಯ ಖಾತೆ, ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯಬಹುದಾದದ್ದು, ಸುಮಾರು 6 ಲಕ್ಷವಿದೆ. ನಾಲ್ಕನೆಯದು ಜಂಟಿ ಲಾಕರ್. ಅದರಲ್ಲಿ ನನ್ನ ಒಡವೆ, ಅಮ್ಮನ ಕಾಸಿನ ಸರವೂ ಸೇರಿದಂತೆ.

ಮೂರು ವಾರದ ಹಿಂದೆ ಆ ಬಡಾವಣೆಯಲ್ಲಿರುವ ಪರಿಚಿತರೊಬ್ಬರು ಫೋಟೊ ಕಳುಹಿಸಿದರು. ನಮ್ಮ ನಿವೇಶನದಲ್ಲಿ ದಲ್ಲಾಳಿಯೊಬ್ಬ ನಿಂತು ಯಾವುದೋ ದಂಪತಿಗೆ ಮೂಲೆಯ ಕಲ್ಲು ತೋರಿಸುತ್ತಿದ್ದಾನೆ. ಅದೇ ವಾರ ಗಂಡನಿಂದ ಸಂದೇಶ ಬಂತು: ಪರಸ್ಪರ ಒಪ್ಪಿಗೆಯ ಅರ್ಜಿ ಸಿದ್ಧವಿದೆ, ಮೊದಲು ಸಹಿ ಹಾಕು, ಆಸ್ತಿಯ ವಿಷಯ ಆಮೇಲೆ ಹಿರಿಯರ ಮುಂದೆ ಕುಳಿತು ಮಾತನಾಡೋಣ ಎಂದು.

ಗಾಬರಿಯಿಂದ ಉಪನೋಂದಣಿ ಕಚೇರಿಗೆ ಹೋಗಿ, ‘ಈ ನಿವೇಶನದಲ್ಲಿ ನನ್ನ ಹಣವಿದೆ, ಯಾರಿಗೂ ನೋಂದಣಿ ಮಾಡಿಕೊಡಬೇಡಿ’ ಎಂದು ಅರ್ಜಿ ಬರೆದುಕೊಟ್ಟೆ. ಮುದ್ರೆ ಒತ್ತಿ ಪ್ರತಿ ಕೊಟ್ಟರು. ಯುದ್ಧ ಗೆದ್ದವಳಂತೆ ಮನೆಗೆ ಬಂದು ಕಾಫಿ ಕುಡಿದೆ. ರಾತ್ರಿ ಅನುಮಾನ ಶುರುವಾಯಿತು.

ಆ ಅರ್ಜಿಗೆ ಬೆಲೆ ಇದೆಯೇ? ಸಹೋದ್ಯೋಗಿಗಳು ‘ಸ್ಟೇ ತನ್ನಿ’ ಎನ್ನುತ್ತಾರೆ. ಅದಕ್ಕೆ ವಿಚ್ಛೇದನದ ಅರ್ಜಿ ಮೊದಲೇ ಹಾಕಿರಬೇಕೇ? ಸ್ಟೇ ಇದ್ದರೂ ಅವರು ಮಾರಿಬಿಟ್ಟರೆ? ಹೆಂಡತಿಗೆ ಅರ್ಧ ಆಸ್ತಿ ಎನ್ನುತ್ತಾರಲ್ಲ, ಅದು ನಿಜವೇ? ಪ್ರಶ್ನೆಪತ್ರಿಕೆ ಉದ್ದವಾಯಿತು, ಕ್ಷಮಿಸಿ.


ಉತ್ತರ 1: ಹಳೆಯ ಮುದ್ರೆ

ತಾಯಿ, ನಿಮ್ಮ ಮೊದಲ ಪ್ರಶ್ನೆಗೆ ಉತ್ತರಿಸುವ ಅರ್ಹತೆ ನನಗೆ ಸ್ವಲ್ಪ ಹೆಚ್ಚೇ ಇದೆ. ಉಪನೋಂದಣಿ ಕಚೇರಿಗಳಲ್ಲಿ 31 ವರ್ಷ ಗುಮಾಸ್ತಿಕೆ ಮಾಡಿ ನಿವೃತ್ತನಾದವನು ನಾನು. ನಿಮ್ಮಂಥವರು ಕೊಟ್ಟ ಅರ್ಜಿಗಳ ಮೇಲೆ ಎಷ್ಟು ಮುದ್ರೆ ಒತ್ತಿದ್ದೇನೋ ಲೆಕ್ಕವಿಲ್ಲ. ‘ಸ್ವೀಕರಿಸಲಾಗಿದೆ’ ಎಂದರೆ ಕಾಗದ ಸಿಕ್ಕಿತು ಎಂದಷ್ಟೇ ಅರ್ಥ. ಅದು ಒಂದು ಕಡತಕ್ಕೆ ಹೋಗುತ್ತದೆ, ಕಡತ ಒಂದು ಕಪಾಟಿಗೆ. ನೋಂದಣಿ ಅಧಿಕಾರಿಗೆ ಆಸ್ತಿ ಯಾರದ್ದು ಎಂದು ತೀರ್ಮಾನಿಸುವ ಅಧಿಕಾರವೇ ಇಲ್ಲ. ಮೂರನೆಯವರು ‘ನನ್ನ ಹಣ ಇದೆ’ ಎಂದು ಬರೆದುಕೊಟ್ಟ ಮಾತ್ರಕ್ಕೆ ದಸ್ತಾವೇಜು ವಾಪಸು ಕಳುಹಿಸಿದರೆ, ಅವರನ್ನೇ ಮೇಲಧಿಕಾರಿ ಕೇಳುತ್ತಾರೆ. ನಿಮ್ಮ ಗಂಡ ನಾಳೆ ಬೆಳಗ್ಗೆ ಹೆಬ್ಬೆಟ್ಟು ಇಟ್ಟು ಫೋಟೊಗೆ ಮುಖ ಕೊಟ್ಟರೆ ನಿಮ್ಮ ಅರ್ಜಿ ಆ ಕಪಾಟಿನಲ್ಲೇ ಇದ್ದು ನೋಡುತ್ತಿರುತ್ತದೆ.

ಬೇಕಾದದ್ದು ನ್ಯಾಯಾಲಯದ ಆದೇಶ. ಇಷ್ಟನ್ನು ಯಾರು ಬೇಕಾದರೂ ಹೇಳುತ್ತಾರೆ. ಯಾರೂ ಹೇಳದ ಒಂದು ಮಾತಿದೆ. ಆದೇಶ ಸಿಕ್ಕಿದ ದಿನ ಕೆಲಸ ಮುಗಿಯುವುದಿಲ್ಲ, ಆ ದಿನ ಶುರುವಾಗುತ್ತದೆ.

2009ರ ಒಂದು ಶನಿವಾರ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಊರಿನ ಹೆಸರು ಬೇಡ. ಹೆಣ್ಣುಮಗಳೊಬ್ಬಳು ಶುಕ್ರವಾರ ಸಂಜೆ ನ್ಯಾಯಾಲಯದಿಂದ ಏಕಪಕ್ಷೀಯ, ಎಂದರೆ ಎದುರಿನವರನ್ನು ಕೇಳದೆ ಕೊಡುವ, ತಡೆಯಾಜ್ಞೆ ಪಡೆದಿದ್ದಳು. ಗಂಡ ಮನೆ ಮಾರಬಾರದು ಎಂದು. ದೃಢೀಕೃತ ಪ್ರತಿಗೆ ಸೋಮವಾರ ಅರ್ಜಿ ಹಾಕೋಣ ಎಂದು ವಕೀಲರು ಹೇಳಿದರಂತೆ, ಅವಳು ತವರಿಗೆ ಹೋದಳು. ಸುದ್ದಿ ಗಂಡನಿಗೆ ಯಾರ ಬಾಯಿಂದ ಮುಟ್ಟಿತೋ, ಶನಿವಾರ ಹತ್ತಕ್ಕೆ ನಮ್ಮ ಕಚೇರಿ ಬಾಗಿಲು ತೆರೆಯುವಾಗ ಅವನು ಕೊಳ್ಳುವವನನ್ನು ಕರೆದುಕೊಂಡು ಜಗುಲಿಯ ಮೇಲೆ ಕುಳಿತಿದ್ದ. ನಮ್ಮ ಮುಂದೆ ಯಾವ ಆದೇಶವೂ ಇರಲಿಲ್ಲ. ನೋಂದಣಿ ಆಯಿತು. ಮಂಗಳವಾರ ಅವಳು ಆದೇಶದ ಪ್ರತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಹಿಡಿದುಕೊಂಡು ಬಂದಳು. ನಮ್ಮ ಸಾಹೇಬರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸುತ್ತ ಕುಳಿತರು. ಗಂಡನ ಮೇಲೆ ಆದೇಶ ಉಲ್ಲಂಘನೆಯ ಅರ್ಜಿ ಹಾಕಿದಳು, ಕೊಂಡವನನ್ನೂ ದಾವೆಗೆ ಎಳೆದಳು. ‘ನನಗೆ ಗೊತ್ತೇ ಇರಲಿಲ್ಲ’ ಎಂದು ಅವನು. ನಾನು ಬೇರೆ ಊರಿಗೆ ವರ್ಗವಾಗಿ ಹೋಗುವಾಗಲೂ ಅದು ನಡೆಯುತ್ತಲೇ ಇತ್ತು.

ಆದ್ದರಿಂದ ಆದೇಶ ಬಂದ ದಿನವೇ ಪ್ರತಿಗೆ ತುರ್ತು ಅರ್ಜಿ ಹಾಕಿಸಿ. ಪ್ರತಿ ಕೈಗೆ ಬಂದ ಗಂಟೆಯಲ್ಲೇ ಹಂಚಿ. ಗಂಡನಿಗೆ ಸರಿಯೇ, ಆ ದಲ್ಲಾಳಿಗೂ ಕೊಡಿ. ದಲ್ಲಾಳಿಗಳಿಗೆ ನ್ಯಾಯಾಲಯದ ಮೊಹರು ಕಂಡರೆ ಆಗುವ ವೈರಾಗ್ಯ ಸನ್ಯಾಸಿಗಳಿಗೂ ಆಗದು. ಕೊಳ್ಳಲು ಬಂದ ದಂಪತಿಯ ವಿಳಾಸ ಸಿಕ್ಕರೆ ಅವರಿಗೂ. ಸಾಲ ಮಾಡಿ ಕೊಳ್ಳುವವರಾದರೆ ಅವರ ಬ್ಯಾಂಕಿನ ವಕೀಲರೇ ಹಿಂದೆ ಸರಿಯುತ್ತಾರೆ.

ನೋಂದಣಿ ಕಚೇರಿಯ ವಿಷಯದಲ್ಲಿ ಇನ್ನೊಂದು ಎಚ್ಚರ. ನಮ್ಮ ಕಾಲದಲ್ಲಿ ಬೋಗಾದಿಯ ನಿವೇಶನವೆಂದರೆ ಆ ವ್ಯಾಪ್ತಿಯ ಒಂದೇ ಕಚೇರಿ, ಒಂದು ಪ್ರತಿ ಕೊಟ್ಟರೆ ಸಾಕಿತ್ತು. 2024ರಿಂದ ಜಿಲ್ಲೆಯೊಳಗಿನ ಯಾವ ಉಪನೋಂದಣಿ ಕಚೇರಿಯಲ್ಲಾದರೂ ನೋಂದಣಿ ಮಾಡಿಸಬಹುದು. ಜನರಿಗೆ ಅನುಕೂಲ, ನಿಮಗೆ ತಲೆನೋವು. ನಿಮ್ಮ ಗಂಡ ಹುಣಸೂರಿನಲ್ಲೋ ತಿ. ನರಸೀಪುರದಲ್ಲೋ ಕುಳಿತು ಬೋಗಾದಿಯನ್ನು ಬರೆದುಕೊಡಬಹುದು. ಹಾಗಾಗಿ ಜಿಲ್ಲಾ ನೋಂದಣಾಧಿಕಾರಿಗೆ ಒಂದು ಪ್ರತಿ ಕೊಟ್ಟು, ಎಲ್ಲ ಕಚೇರಿಗಳಿಗೂ ತಿಳಿಸಿ ಎಂದು ಬರೆಯಿರಿ. ಅವರನ್ನೇ ನಂಬಿ ಕೂರದೆ ಒಂದೊಂದು ಕಚೇರಿಗೂ ನೀವೇ ಹೋಗಿ ಮುದ್ರೆ ಹಾಕಿಸಿಕೊಳ್ಳಿ. ಈ ಬಾರಿ ಆ ಮುದ್ರೆಗೆ ಅರ್ಥವಿರುತ್ತದೆ.

ಕೊನೆಯದು, ನನ್ನ ಪಾಲಿಗೆ ಎಲ್ಲಕ್ಕಿಂತ ದೊಡ್ಡದು: ಶೆಡ್ಯೂಲು. ಆದೇಶದಲ್ಲಿ ಆಸ್ತಿಯ ವಿವರ ತಪ್ಪಾಗಿದ್ದರೆ ಅದು ಬೇರೆ ಯಾರದೋ ಮನೆಗೆ ಹಾಕಿದ ಬೀಗ. ‘ನಿವೇಶನ ಸಂಖ್ಯೆ 47’ ಎಂದು ಆದೇಶ, ಕ್ರಯಪತ್ರದಲ್ಲಿ ‘47/ಎ’. ಇಂಥದ್ದರಿಂದ ತಪ್ಪಿಸಿಕೊಂಡವರನ್ನು ನಾನೇ ಕಂಡಿದ್ದೇನೆ. ಮೂಲ ಕ್ರಯಪತ್ರದ ದಸ್ತಾವೇಜು ಸಂಖ್ಯೆ, ಅದರ ಸ್ಕ್ಯಾನ್ ಪ್ರತಿ ಇರುವ ಸಿ.ಡಿ.ಯ ಸಂಖ್ಯೆ, ನೋಂದಣಿ ದಿನಾಂಕ, ಈಗಿನ ಖಾತೆ ಸಂಖ್ಯೆ, ಇ-ಖಾತೆ ಆಗಿದ್ದರೆ ಅದರ ಗುರುತಿನ ಸಂಖ್ಯೆ, ನಾಲ್ಕೂ ದಿಕ್ಕಿನ ಚಕ್ಕುಬಂದಿ (ಯಾವ ಕಡೆ ಏನಿದೆ ಎಂಬ ಗಡಿ ವಿವರ), ಇಷ್ಟೂ ಇರಲಿ. ಮೂಲಪತ್ರ ಗಂಡನ ಬಳಿ ಇದ್ದರೆ ಚಿಂತೆಯಿಲ್ಲ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ (ಇ.ಸಿ.) ಪಡೆಯಿರಿ, ಅದರಲ್ಲಿ ಸಂಖ್ಯೆಗಳು ಸಿಗುತ್ತವೆ. ದೃಢೀಕೃತ ನಕಲಿಗೂ ಅರ್ಜಿ ಹಾಕಬಹುದು. ಋಣಭಾರ ಪತ್ರವನ್ನು ಇಂದೇ ತೆಗೆಯಿರಿ, ಏಕೆಂದರೆ ತಾಯಿಯ ಹೆಸರಿಗೆ ದಾನಪತ್ರ ಈಗಾಗಲೇ ಆಗಿದೆಯೋ ಎಂಬುದೂ ಅಲ್ಲೇ ಗೊತ್ತಾಗುತ್ತದೆ. ಕುಟುಂಬದೊಳಗಿನ ದಾನಕ್ಕೆ ಮುದ್ರಾಂಕ ಶುಲ್ಕ ಕೆಲವೇ ಸಾವಿರ. ಜಗಳದ ಮನೆಗಳಲ್ಲಿ ಮಾರಾಟಕ್ಕಿಂತ ಮೊದಲು ನಡೆಯುವುದು ಅದು.


ಉತ್ತರ 2: ಕರಿ ಕೋಟು

ಹಳೆಯ ಮುದ್ರೆಯವರು ನನ್ನ ಕಕ್ಷಿದಾರರಿಗೆಲ್ಲ ಪಾಠ ಹೇಳಬೇಕಿತ್ತು. ಹಾಸನದಲ್ಲಿ ವಕೀಲಿ ಮಾಡುತ್ತೇನೆ. ಕಾನೂನಿನ ಭಾಗವನ್ನಷ್ಟು ಸೇರಿಸುತ್ತೇನೆ.

ಅರ್ಧ ಆಸ್ತಿ ಎಂಬುದನ್ನು ಮರೆತುಬಿಡಿ. ಅದು ಬೇರೆ ದೇಶಗಳ ಸುದ್ದಿ ಓದಿ ಬಂದ ಮಾತು. ನಮ್ಮಲ್ಲಿ ಮದುವೆಯಾದ ಕಾರಣಕ್ಕೇ ಗಂಡನ ಆಸ್ತಿಯಲ್ಲಿ ಹೆಂಡತಿಗೆ ಪಾಲು ಹುಟ್ಟುವುದಿಲ್ಲ. ಹಿಂದೂ ವಿವಾಹ ಕಾಯ್ದೆಯ 27ನೇ ಕಲಂ ಇದೆ, ಆದರೆ ಅದು ಮದುವೆಯ ಸಂದರ್ಭದಲ್ಲಿ ಬಂದ, ಇಬ್ಬರಿಗೂ ಜಂಟಿಯಾಗಿ ಸೇರಿದ ಆಸ್ತಿಯ ಮಟ್ಟಿಗೆ. ನಿಮ್ಮ ಬಲ ಇರುವುದು ಆ 13 ಲಕ್ಷದ ಚೆಕ್ಕುಗಳಲ್ಲಿ. ಒಬ್ಬರ ಹಣದಲ್ಲಿ ಇನ್ನೊಬ್ಬರ ಹೆಸರಿಗೆ ಕೊಳ್ಳುವುದನ್ನು ತಡೆಯುವ ಬೇನಾಮಿ ಕಾಯ್ದೆಯ ಹೆಸರು ಹೇಳಿ ಯಾರಾದರೂ ಹೆದರಿಸಬಹುದು. ಲೆಕ್ಕಕ್ಕೆ ಸಿಗುವ ತಮ್ಮ ಸ್ವಂತ ಹಣದಿಂದ ಸಂಗಾತಿಯ ಹೆಸರಿನಲ್ಲಿ ಕೊಂಡದ್ದಕ್ಕೆ ಅದರಲ್ಲೇ ವಿನಾಯಿತಿ ಇದೆ. ಆ ವರ್ಷದ ಬ್ಯಾಂಕ್ ವಿವರಪಟ್ಟಿ ಇಂದೇ ತೆಗೆಸಿ. ಅಪ್ಪನ ಖಾತೆಯದ್ದೂ ಬೇಕು, 8 ಲಕ್ಷ ಎಲ್ಲಿಂದ ಬಂತೆಂದು ತೋರಿಸಲು.

ವಿಚ್ಛೇದನದ ಅರ್ಜಿ ಮೊದಲಿರಲೇಬೇಕೆಂದಿಲ್ಲ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 7ನೇ ಕಲಮಿನಂತೆ ದಂಪತಿಯ ಆಸ್ತಿಯ ದಾವೆಯೂ, ದಾಂಪತ್ಯದ ಕಾರಣದಿಂದ ಹುಟ್ಟಿದ ನಿರ್ಬಂಧಕಾಜ್ಞೆಯ ಕೋರಿಕೆಯೂ ಕೌಟುಂಬಿಕ ನ್ಯಾಯಾಲಯಕ್ಕೇ ಸೇರುತ್ತವೆ. ನಿವೇಶನದಲ್ಲಿ ನಿಮ್ಮ ಹಕ್ಕಿನ ಘೋಷಣೆ ಕೇಳಿ ದಾವೆ, ಜೊತೆಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ (ಇಲ್ಲಿ ‘ಆದೇಶ’ ಎಂದರೆ ಸಂಹಿತೆಯ ಒಂದು ಅಧ್ಯಾಯ) 1 ಮತ್ತು 2ನೇ ನಿಯಮಗಳಡಿ ಮಧ್ಯಂತರ ಅರ್ಜಿ. ನ್ಯಾಯಾಧೀಶರು ನೋಡುವುದು ಮೂರನ್ನು: ಮೇಲ್ನೋಟಕ್ಕೆ ನಿಮ್ಮ ಕಡೆ ಹುರುಳಿದೆಯೇ, ಆದೇಶ ಕೊಡದಿದ್ದರೆ ಯಾರಿಗೆ ಹೆಚ್ಚು ತೊಂದರೆ, ಆ ನಷ್ಟವನ್ನು ಆಮೇಲೆ ಹಣದಿಂದ ತುಂಬಬಹುದೇ. ದಲ್ಲಾಳಿಯ ಆ ಫೋಟೊ ಮತ್ತು ‘ಮೊದಲು ಸಹಿ’ ಎಂಬ ಸಂದೇಶ, ಎರಡನ್ನೂ ಪ್ರಮಾಣಪತ್ರಕ್ಕೆ ಲಗತ್ತಿಸಿ. ಮಾರುವ ಭಯವಿದೆ ಎಂದು ಬರೆಯುವುದು ಬೇರೆ, ಮೂಲೆಯ ಕಲ್ಲು ತೋರಿಸುತ್ತಿರುವವನನ್ನು ತೋರಿಸುವುದು ಬೇರೆ.

ಎದುರು ಪಕ್ಷಕ್ಕೆ ನೋಟಿಸು ಇಲ್ಲದೆ ಆದೇಶ ಸಿಕ್ಕರೆ ಅದೇ ಅಧ್ಯಾಯದ 3ನೇ ನಿಯಮ ಮರೆಯಬೇಡಿ. ಆದೇಶವಾದ ದಿನ ಅಥವಾ ಮರುದಿನವೇ ಅರ್ಜಿ, ದಾವಾ ಪತ್ರ, ದಾಖಲೆಗಳ ಪ್ರತಿ ನೋಂದಾಯಿತ ಅಂಚೆಯಲ್ಲಿ ಹೋಗಬೇಕು, ಹೋಯಿತೆಂದು ಪ್ರಮಾಣಪತ್ರ ಹಾಕಬೇಕು. ಈ ಒಂದು ಅಂಚೆ ತಪ್ಪಿ ಒಳ್ಳೆಯ ಆದೇಶ ತೆರವಾದದ್ದಿದೆ. ಗಂಡ ಕೇವಿಯಟ್ ಹಾಕಿದ್ದಾರೆಯೇ ಎಂದೂ ನೋಡಿಸಿ, ಹಾಕಿದ್ದರೆ ಅವರನ್ನು ಕೇಳದೆ ಆದೇಶ ಸಿಗುವುದಿಲ್ಲ.

ಮಾರಿಬಿಟ್ಟರೆ? ಆದೇಶ ಮುರಿದವರ ಆಸ್ತಿ ಜಪ್ತಿ ಮಾಡಬಹುದು, ಮೂರು ತಿಂಗಳವರೆಗೆ ಸಿವಿಲ್ ಸೆರೆಯೂ ಇದೆ. ಇನ್ನೊಂದು ಕಾವಲು ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಂ: ದಾವೆ ನಡೆಯುವಾಗ ಕೊಂಡವನು ದಾವೆಯ ಫಲಕ್ಕೆ ಬದ್ಧ. ಮಾರಾಟ ಅಲ್ಲಿಗೇ ರದ್ದಾಗುವುದಿಲ್ಲ, ಆದರೆ ನೀವು ಗೆದ್ದರೆ ಅವನು ‘ಗೊತ್ತಿರಲಿಲ್ಲ’ ಎನ್ನುವಂತಿಲ್ಲ. ಹಳೆಯ ಮುದ್ರೆಯವರ ಕಥೆಯ ಆ ಕೊಂಡವನಿಗೂ ಇದೇ ಉತ್ತರ. ಗಮನಿಸಿ, ಆ ನಿವೇಶನದ ಹಕ್ಕೇ ದಾವೆಯಲ್ಲಿ ನೇರವಾಗಿ ಪ್ರಶ್ನೆಯಾಗಿರಬೇಕು. ಬರೀ ವಿಚ್ಛೇದನ ಕೇಳಿದ ಅರ್ಜಿಗೆ ಈ ರಕ್ಷಣೆ ಅಂಟಿಕೊಳ್ಳುವುದಿಲ್ಲ. ಬಹಳ ಮಂದಿ ಎಡವುವುದು ಇಲ್ಲೇ. ಜೀವನಾಂಶವೂ ಕೇಳುವವರಿದ್ದರೆ ಅದನ್ನು ಅವರ ಸ್ಥಿರಾಸ್ತಿಯ ಮೇಲೆ ಹೊರೆಯಾಗಿ ಕೂರಿಸಬೇಕೆಂದು ಕೇಳಿ, ಹಿಂದೂ ವಿವಾಹ ಕಾಯ್ದೆಯ 25ನೇ ಕಲಂ ಅದಕ್ಕೆ ಅವಕಾಶ ಕೊಡುತ್ತದೆ.

ಒಪ್ಪಿಗೆಯ ಅರ್ಜಿಗೆ ಆಸ್ತಿಯ ಷರತ್ತುಗಳನ್ನು ಅದರೊಳಗೇ ಬರೆಯದೆ ಸಹಿ ಹಾಕಬೇಡಿ. ‘ಆಮೇಲೆ ಹಿರಿಯರ ಮುಂದೆ’ ಎಂಬ ಕಲಂ ಯಾವ ಕಾಯ್ದೆಯಲ್ಲೂ ಇಲ್ಲ.


ಉತ್ತರ 3: ತುಂಗೆಯ ದಡ

ಎಲ್ಲರೂ ನಿವೇಶನದ ಹಿಂದೆ ಬಿದ್ದಿದ್ದೀರಿ. ನಿವೇಶನಕ್ಕೆ ಕಾಲಿಲ್ಲ. ಲಾಕರಿನಲ್ಲಿರುವ ಚಿನ್ನಕ್ಕೆ ಇದೆ.

ನನ್ನದು ಶಿವಮೊಗ್ಗ, 2022ರ ಕಥೆ. ನಮ್ಮದೂ ಜಂಟಿ ಲಾಕರ್, ಯಾರು ಬೇಕಾದರೂ ತೆರೆಯಬಹುದಾದದ್ದು. ಅವರು ತೆರೆಯದಂತೆ ನೋಡಿಕೊಳ್ಳಿ ಎಂದು ಬ್ಯಾಂಕಿಗೆ ಹೋಗಿ ಕೇಳಿದೆ. ‘ನ್ಯಾಯಾಲಯದ ಆದೇಶ ತನ್ನಿ ಮೇಡಂ’ ಎಂದು ನಗುನಗುತ್ತಲೇ ಹೇಳಿದರು. ಒಂಬತ್ತು ದಿನದ ಮೇಲೆ ಸಂಜೆ ಏಳಕ್ಕೆ ಮೊಬೈಲಿಗೆ ಸಂದೇಶ ಬಂತು, ನಿಮ್ಮ ಲಾಕರ್ ಬೆಳಗ್ಗೆ 11.20ಕ್ಕೆ ತೆರೆಯಲಾಗಿದೆ ಎಂದು. ಆ ವರ್ಷದ ಜನವರಿಯಿಂದಷ್ಟೇ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದಿತ್ತು, ಲಾಕರ್ ತೆರೆದ ದಿನವೇ ಸಂದೇಶ ಕಳುಹಿಸಬೇಕೆಂದು. ಆ ಸಂದೇಶ ನೋಡುತ್ತ ಅಡುಗೆಮನೆಯಲ್ಲಿ ನಿಂತಿದ್ದೆ, ಒಲೆಯ ಮೇಲೆ ಹಾಲು ಉಕ್ಕಿ ಹೋಯಿತು, ಆರಿಸಲು ಕೈ ಬರಲಿಲ್ಲ.

ಆದರೆ ಅದೇ ನಿಯಮ ನನ್ನನ್ನು ಉಳಿಸಿತು. ಭದ್ರ ಕೋಣೆಗೆ ಹೋಗಿ ಬಂದವರ ಕ್ಯಾಮೆರಾ ದೃಶ್ಯವನ್ನು ಬ್ಯಾಂಕು ಕನಿಷ್ಠ 180 ದಿನ ಇಟ್ಟುಕೊಳ್ಳಬೇಕು. ಮಾರನೆಯ ದಿನವೇ ‘ದೃಶ್ಯ ಮತ್ತು ಲಾಕರ್ ಪುಸ್ತಕದ ಪುಟ ಅಳಿಸದೆ ಕಾಪಾಡಿ’ ಎಂದು ಬರೆದುಕೊಟ್ಟೆ. ಖಾಲಿ ಕೈಯಲ್ಲಿ ಒಳಗೆ ಹೋದವರು ನನ್ನ ಹಳೆಯ ಊಟದ ಚೀಲದೊಂದಿಗೆ ಹೊರಗೆ ಬಂದದ್ದು ಅದರಲ್ಲಿತ್ತು. ಮುಂದೆ ‘ನಾನು ಮುಟ್ಟೇ ಇಲ್ಲ’ ಎಂಬ ಮಾತು ನಿಲ್ಲಲಿಲ್ಲ.

ನಾನು ಹೋದದ್ದು ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ. ಹೊಡೆದರೆ ಮಾತ್ರ ದೌರ್ಜನ್ಯ ಎಂದು ನಾನೂ ತಿಳಿದಿದ್ದೆ. ನಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ, ಅವರು ಕೂರಿಸಿಕೊಂಡು ತಿಳಿಸಿ ಹೇಳಿದರು: ಹೆಂಡತಿಗೆ ಹಕ್ಕಿರುವ ಆಸ್ತಿಯನ್ನು ಮಾರುವುದು, ಸ್ತ್ರೀಧನ ಸಾಗಿಸುವುದು ಆರ್ಥಿಕ ದೌರ್ಜನ್ಯ. 18ನೇ ಕಲಮಿನಲ್ಲಿ ಲಾಕರ್, ಬ್ಯಾಂಕ್ ಖಾತೆ ಎಂದು ಹೆಸರು ಹಿಡಿದೇ ಬರೆದಿದೆ, ಗಂಡನೊಬ್ಬನ ಹೆಸರಿನಲ್ಲಿದ್ದರೂ ಸರಿ. ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ತೆರೆಯಬಾರದು, ಮಾರಬಾರದು ಎಂದು ಮಧ್ಯಂತರ ಆದೇಶ ಕೊಡಬಹುದು. ಮುರಿದರೆ ಒಂದು ವರ್ಷದವರೆಗೆ ಸೆರೆ ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನನಗೆ ಆದೇಶ ಸಿಗಲು ಮೂರು ವಾರ ಹಿಡಿಯಿತು. ಚಿನ್ನದ ಮುಕ್ಕಾಲು ಭಾಗ ವಾಪಸು ಬಂತು. ಬಳೆಗಳು ಬರಲಿಲ್ಲ.

ಹೊಸ್ತಿಲು ಅವರೇ, ನಿಮ್ಮ ಲಾಕರ್ ನಿಮ್ಮ ಹೆಸರಿನಲ್ಲೂ ಇದೆಯಲ್ಲ. ನಾಳೆ ಹೋಗಿ, ಇಬ್ಬರನ್ನು ಸಾಕ್ಷಿಗೆ ಕರೆದುಕೊಂಡು, ಏನೇನಿದೆ ಎಂದು ನೋಡಿ ಪಟ್ಟಿ ಮಾಡಿ, ಫೋಟೊ ತೆಗೆಯಿರಿ. ನಿಮ್ಮದು ಮಾತ್ರ ತೆಗೆದುಕೊಳ್ಳಿ, ಅವರ ಅಮ್ಮನ ಒಂದು ಮೂಗುತಿ ಇದ್ದರೂ ಅಲ್ಲೇ ಬಿಡಿ. ಜಂಟಿ ಖಾತೆಗೂ ಇಂದೇ ಪತ್ರ ಕೊಡಿ, ಇನ್ನು ಮುಂದೆ ಇಬ್ಬರೂ ಸಹಿ ಹಾಕಿದರೆ ಮಾತ್ರ ಹಣ ಎಂದು. ‘ಯಾರಾದರೊಬ್ಬರು’ ಎಂಬ ಅಧಿಕಾರವನ್ನು ಒಬ್ಬ ಖಾತೆದಾರ ಹಿಂತೆಗೆದುಕೊಂಡರೂ ಬ್ಯಾಂಕು ನಿಲ್ಲಿಸಬೇಕು. ಅದಕ್ಕೆ ನ್ಯಾಯಾಲಯ ಬೇಕಿಲ್ಲ. ನನಗೆ ಇದು ಗೊತ್ತಾದದ್ದು ಖಾತೆಯಲ್ಲಿ 412 ರೂಪಾಯಿ ಉಳಿದಾಗ.


ಉತ್ತರ 4: ಎದುರುದಾರ

ಇಲ್ಲಿ ಎಲ್ಲ ಗಂಡಂದಿರೂ ಚೀಲ ಹಿಡಿದು ಓಡುವವರು ಎಂಬಂತಾಗಿದೆ. ನಾನು ಆದೇಶ ಮಾಡಿಸಿಕೊಂಡವನಲ್ಲ, ನನ್ನ ಮೇಲೆ ಆದೇಶವಾದವನು.

ನನ್ನ ಹೆಂಡತಿಯ ವಕೀಲರು ‘ಎಲ್ಲ ಖಾತೆಗಳು’ ಎಂದು ಬರೆದು ಕೇಳಿದರು, ಸಿಕ್ಕಿತು. ಸಂಬಳದ ಖಾತೆಯೂ ನಿಂತಿತು. ಆ ತಿಂಗಳು ಅಮ್ಮನಿಗೆ ಕಣ್ಣಿನ ಶಸ್ತ್ರಚಿಕಿತ್ಸೆ, ಗೆಳೆಯನ ಬಳಿ ಸಾಲ ಮಾಡಿದೆ. ಮಗನ ಶಾಲೆಯ ಶುಲ್ಕವೂ ಅದೇ ಖಾತೆಯಿಂದ ಹೋಗುತ್ತಿತ್ತು, ಅದೂ ನಿಂತಿತು ಎಂಬುದು ಅವಳಿಗೆ ಶಾಲೆಯಿಂದ ಕರೆ ಬಂದಾಗ ಗೊತ್ತಾಯಿತು. 39ನೇ ಆದೇಶದ 4ನೇ ನಿಯಮದಡಿ ಬದಲಾವಣೆ ಕೇಳಿ ಅರ್ಜಿ ಹಾಕಿದೆ. ಐದು ವಾರದ ಮೇಲೆ ನ್ಯಾಯಾಧೀಶರು ಸಂಬಳವನ್ನು ಬಿಟ್ಟು ಠೇವಣಿಯನ್ನು ಮಾತ್ರ ಹಿಡಿದಿಟ್ಟರು. ನಾನು ಬೇಡ ಎನ್ನಲಿಲ್ಲ, ಮೊದಲೇ ಅಷ್ಟು ಕೇಳಿದ್ದರೆ ನಾನೇ ಒಪ್ಪಿ ಬರೆದುಕೊಡುತ್ತಿದ್ದೆ.

ಮೇಡಂ, ಎಷ್ಟು ಬೇಕೋ ಅಷ್ಟನ್ನೇ ಕೇಳಿ. ಇನ್ನೊಂದು, ಸುಪ್ರೀಂ ಕೋರ್ಟಿನ 2020ರ ರಜನೇಶ್–ನೇಹಾ ತೀರ್ಪಿನ ನಂತರ ಜೀವನಾಂಶ ಕೇಳಿದರೆ ಇಬ್ಬರೂ ಆಸ್ತಿ, ಸಾಲ, ಆದಾಯದ ಪ್ರಮಾಣಪತ್ರ ಕೊಡಬೇಕು. ಗಂಡ ಮಾತ್ರ ಅಲ್ಲ, ಇಬ್ಬರೂ. ನನ್ನ ಹೆಂಡತಿ ತನ್ನ ಹೆಸರಿನಲ್ಲಿ ಕಟ್ಟುತ್ತಿದ್ದ ಒಂದು ಚೀಟಿಯನ್ನು (ಚಿಟ್ ಫಂಡ್) ಅದರಲ್ಲಿ ಬರೆಯಲು ‘ಮರೆತಿದ್ದಳು’. ನ್ಯಾಯಾಧೀಶರಿಗೆ ಅದು ಹಿಡಿಸಲಿಲ್ಲ, ಅಲ್ಲಿಂದ ಮುಂದೆ ಅವಳು ಹೇಳಿದ ನಿಜವನ್ನೂ ಅವರು ಎರಡು ಸಲ ಕೇಳುತ್ತಿದ್ದರು.


ಹೊಸ್ತಿಲು

ಎಲ್ಲರಿಗೂ ವಂದನೆ. ಹನ್ನೊಂದು ದಿನವಾಯಿತು, ವರದಿ ಒಪ್ಪಿಸುತ್ತೇನೆ.

ಋಣಭಾರ ಪತ್ರ ಅಂದೇ ರಾತ್ರಿ ತೆಗೆದೆ. ದಾನಪತ್ರವಿಲ್ಲ, ಕ್ರಯದ ಕರಾರೂ ನೋಂದಣಿಯಾಗಿಲ್ಲ. ಉಸಿರು ಬಂತು. ಖಾತೆಗೆ ಪತ್ರ ಕೊಟ್ಟೆ, ‘ಇಬ್ಬರೂ’ ಎಂದಾಯಿತು. ಒಂದು ಗಂಟೆಯೊಳಗೆ ಗಂಡನ ಕರೆ ಬಂತು, ಮೂರು ತಿಂಗಳಲ್ಲಿ ಮೊದಲ ಸಲ. ಲಾಕರಿಗೆ ಅತ್ತಿಗೆಯನ್ನೂ ಸಹೋದ್ಯೋಗಿಯನ್ನೂ ಕರೆದುಕೊಂಡು ಹೋದೆ. ಎಲ್ಲವೂ ಇದೆ. ಕಾಸಿನ ಸರ ಮುಟ್ಟಿದಾಗ ತಣ್ಣಗಿತ್ತು. ಅವರ ಅಜ್ಜಿಯ ಒಂದು ಜೊತೆ ಬೆಂಡೋಲೆ ನಿಜವಾಗಿಯೂ ಅಲ್ಲಿತ್ತು, ಬಿಟ್ಟು ಬಂದೆ.

ವಕೀಲರನ್ನು ಗೊತ್ತುಮಾಡಿದೆ. ಒಪ್ಪಿಗೆಯ ಅರ್ಜಿಗೆ ಸಹಿ ಹಾಕಿಲ್ಲ. ಎದುರುದಾರರ ಮಾತು ಮನಸ್ಸಿನಲ್ಲಿ ಕೂತಿತ್ತು, ಹಾಗಾಗಿ ನಿವೇಶನ ಮತ್ತು ಲಾಕರ್ ಮಾತ್ರ ಕೇಳುತ್ತಿದ್ದೇವೆ. ಅವರ ಸಂಬಳದ ತಂಟೆಗೆ ಹೋಗಿಲ್ಲ, ಫ್ಲ್ಯಾಟಿನ ಕಂತು ಅದರಿಂದಲೇ ಹೋಗುತ್ತದೆ. 13ನ್ನು 22ರಿಂದ ಭಾಗಿಸಿ ಶೇಕಡಾ 59 ಎಂದು ನಾನು ಬರೆದುಕೊಂಡು ಹೋಗಿದ್ದೆ. ವಕೀಲರು ‘ಆ ಲೆಕ್ಕ ಶಾಲೆಯಲ್ಲಿ ಸರಿ, ಇಲ್ಲಿ ಚೆಕ್ಕು ಸಾಕು’ ಎಂದರು. ಅಪ್ಪ ತಮ್ಮ ಹಳೆಯ ಪಾಸ್‌ಬುಕ್ಕನ್ನು ಟ್ರಂಕಿನಿಂದ ತೆಗೆದುಕೊಟ್ಟರು, ಮಾತಾಡಲಿಲ್ಲ.

ಹಳೆಯ ಮುದ್ರೆಯವರೇ, ನಿಮ್ಮ ಮಾತಿಗಾಗಿ ಕರಡು ದಾವೆಯನ್ನು ಕ್ರಯಪತ್ರದ ನಕಲಿನೊಂದಿಗೆ ಅಕ್ಷರ ಅಕ್ಷರ ಕೂಡಿಸಿ ನೋಡಿದೆ. ದಸ್ತಾವೇಜು ಸಂಖ್ಯೆಯ ಕೊನೆಯ ಎರಡು ಅಂಕೆ ಅದಲುಬದಲಾಗಿತ್ತು! ತಿದ್ದಿಸಿದೆ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಉದ್ಯಾನಕ್ಕೆ ಬಿಟ್ಟ ಜಾಗ, ಉತ್ತರಕ್ಕೆ ಪಕ್ಕದ ನಿವೇಶನ. ಎಲ್ಲ ಸರಿಯಾಗಿದೆ. ನಾಳೆ ದಾಖಲಿಸುತ್ತಾರೆ.


ಹಳೆಯ ಮುದ್ರೆ

ಮೂರೇ ದಿಕ್ಕು ಬರೆದಿದ್ದೀರಿ. ದಕ್ಷಿಣಕ್ಕೆ ಏನಿದೆ?


ಹೊಸ್ತಿಲು

ಅಯ್ಯೋ. ಕರಡಿನಲ್ಲೂ ಇಲ್ಲ. ವಕೀಲರಿಗೆ ಈಗಲೇ ಕರೆ ಮಾಡುತ್ತೇನೆ.